ಗುರುದತ್ ಹೀರೊ ಆಗಲು ಬಂದವರೇ ಅಲ್ಲ

ಪ್ರಶ್ನೆ: ನನಗೆ ಇಪ್ಪತ್ತಾರು ವರ್ಷ. ಹೋದ ತಿಂಗಳು ಮೊದಲ ಸಲ ‘ಪ್ಯಾಸಾ’ ನೋಡಿದೆ. ಅವತ್ತಿನಿಂದ ಗುರುದತ್ ಬಗ್ಗೆ ಸಿಕ್ಕಿದ್ದೆಲ್ಲ ಓದುತ್ತಿದ್ದೇನೆ. ಎಲ್ಲಾ ಕಡೆ ಒಂದೇ ಕತೆ: ‘ಕಾಗಜ್ ಕೆ ಫೂಲ್’ ಸೋತಿತು, ಮನಸ್ಸು ಮುರಿಯಿತು, ತೀರಿಹೋದರು. ಅಷ್ಟೇನಾ? ನಮ್ಮ ಸೋದರಮಾವ ‘ಒಳ್ಳೆ ಡೈರೆಕ್ಟರ್ ಕಣೋ, ಆಕ್ಟಿಂಗ್ ಮಾತ್ರ ಅಷ್ಟಕ್ಕಷ್ಟೆ’ ಅನ್ನುತ್ತಾರೆ. ಗುರುದತ್ ಬೆಂಗಳೂರಲ್ಲಿ ಹುಟ್ಟಿದವರಂತೆ, ನಿಜವೇ? ಹೆಸರು ಕೇಳಿದರೆ ಬಂಗಾಳಿ ಅನ್ನಿಸುತ್ತದಲ್ಲ? ಮುಂದೆ ಯಾವ ಸಿನಿಮಾ ನೋಡಲಿ?
(ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಮೊದಲು ಸುಲಭದ್ದನ್ನು ಮುಗಿಸಿಬಿಡೋಣ. ಹೌದು, ಹುಟ್ಟಿದ್ದು ಬೆಂಗಳೂರಿನಲ್ಲೇ, 1925ರ ಜುಲೈ 9ರಂದು. ಅಪ್ಪ ಶಿವಶಂಕರ ರಾವ್ ಪಡುಕೋಣೆ, ಅಮ್ಮ ವಾಸಂತಿ. ಮನೆಮಾತು ಕೊಂಕಣಿ. ಪಡುಕೋಣೆ ಕುಂದಾಪುರದ ಹತ್ತಿರದ ಊರು. ಮಗುವಿಗೆ ಮೊದಲು ಇಟ್ಟ ಹೆಸರು ವಸಂತಕುಮಾರ. ಚಿಕ್ಕಂದಿನಲ್ಲಿ ಏನೋ ಅಪಘಾತವಾಯಿತು. ಆ ಹೆಸರು ಆಗಿಬರಲಿಲ್ಲ ಅಂತ ಗುರುದತ್ತ ಅಂತ ಬದಲಾಯಿಸಿದರು. ನಮ್ಮ ಕಡೆ ಗುರುದತ್ತ ಅನ್ನುವುದು ಒಂದೇ ಹೆಸರು. ಅದನ್ನು ಎರಡು ತುಂಡು ಮಾಡಿ ಬರೆದಾಗ ‘ದತ್’ ಬಂಗಾಳಿ ಮನೆತನದ ಹೆಸರಿನ ಹಾಗೆ ಕಾಣಿಸಿತು. ಜನ ನಂಬಿದ್ದರಲ್ಲಿ ತಪ್ಪಿಲ್ಲ, ಯಾಕೆಂದರೆ ಹುಡುಗ ಬೆಳೆದದ್ದು ಕಲ್ಕತ್ತೆಯ ಭವಾನಿಪುರದಲ್ಲಿ. ಬಂಗಾಳಿ ನೀರು ಕುಡಿದಷ್ಟು ಸಲೀಸು. ಅವರ ತಾಯಿ ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತಂದವರು. ಮಗನ ಬಗ್ಗೆ ‘ನನ್ನ ಮಗ ಗುರುದತ್ತ’ ಅಂತ ಕನ್ನಡದಲ್ಲೇ ಒಂದು ಪುಸ್ತಕ ಬರೆದಿದ್ದಾರೆ. ಹಳೆ ಪುಸ್ತಕದ ಅಂಗಡಿಯಲ್ಲಿ ಕಂಡರೆ ಬಿಡಬೇಡಿ.

ಈಗ ನಿಮ್ಮ ಮಾವನವರ ಮಾತಿಗೆ ಬರೋಣ. ಅವರ ಮಾತು ಅರ್ಧ ಸರಿ. ಗುರುದತ್ ಹೀರೊ ಆಗುವ ಆಸೆ ಇಟ್ಟುಕೊಂಡು ಬಂದವರಲ್ಲ. ಹೆಚ್ಚಿನ ಸಲ ಬೇರೆ ಯಾರೂ ಸಿಗದೆ ತಾವೇ ಬಣ್ಣ ಹಚ್ಚಿಕೊಂಡರು. ಆದರೆ ಅದರಿಂದ ನಟನೆ ಅಷ್ಟಕ್ಕಷ್ಟೆ ಆಯಿತು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಂಜೆ ಅಜ್ಜಿ ದೇವರ ಮುಂದೆ ದೀಪ ಹಚ್ಚುತ್ತಿದ್ದರಂತೆ. ಈ ಹುಡುಗ ದೀಪದ ಮುಂದೆ ಬೆರಳು ಹಿಡಿದು ಗೋಡೆಯ ಮೇಲೆ ನೆರಳಿನ ಚಿತ್ರ ಮಾಡುತ್ತಿದ್ದ. ಅವರ ತಂಗಿ, ಚಿತ್ರಕಲಾವಿದೆ ಲಲಿತಾ ಲಾಜ್ಮಿ, ಇದನ್ನು ನೆನಪಿಸಿಕೊಂಡಿದ್ದಾರೆ. ದೊಡ್ಡವರಾದ ಮೇಲೆ ಮಾಡಿದ್ದೂ ಅದೇ ಅಲ್ವಾ! ತಾಯಿ ಕಡೆಯ ಬಂಧು ಬಿ.ಬಿ. ಬೆನೆಗಲ್ ಕಲ್ಕತ್ತೆಯಲ್ಲಿ ಸಿನಿಮಾ ಪೋಸ್ಟರ್ ಬರೆಯುವ ಕಲಾವಿದ. ಅವರ ಹತ್ತಿರ ಹೋಗಿ ಬಂದು ಮಾಡುತ್ತಿದ್ದ ಹುಡುಗನಿಗೆ ಚಿತ್ರದ ಕಣ್ಣು ಅಲ್ಲೇ ಬಂದಿರಬೇಕು. (ನಿರ್ದೇಶಕ ಶ್ಯಾಮ್ ಬೆನೆಗಲ್ ಕೂಡ ಇದೇ ಬಳಗದವರು.) ಮನೆಯಲ್ಲಿ ದುಡ್ಡಿಲ್ಲ, ಕಾಲೇಜಿಗೆ ಹೋಗಲಿಲ್ಲ. ಸ್ವಲ್ಪ ದಿನ ಟೆಲಿಫೋನ್ ಆಪರೇಟರ್ ಕೆಲಸವನ್ನೂ ಮಾಡಿದರು. ನಾಟ್ಯಗಾರ ಉದಯಶಂಕರ್ ಆಲ್ಮೋರಾದಲ್ಲಿ ನಡೆಸುತ್ತಿದ್ದ ಕೇಂದ್ರದಲ್ಲಿ ನೃತ್ಯ ಕಲಿತರು. ಯುದ್ಧದ ಕಾಲ, 1944ರಲ್ಲಿ ಆ ಕೇಂದ್ರ ಮುಚ್ಚಿತು.

ಈ ನೃತ್ಯದ ಮಾತನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಸಿನಿಮಾಕ್ಕೆ ಅವರು ಕಾಲಿಟ್ಟದ್ದು ಆ ಬಾಗಿಲಿನಿಂದಲೇ. 1944ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಗೆ ಮೂರು ವರ್ಷದ ಕರಾರಿನ ಮೇಲೆ ಸೇರಿದರು. ಚಿಕ್ಕಪುಟ್ಟ ಪಾತ್ರ, ಸಹಾಯಕ ನಿರ್ದೇಶಕನ ಓಡಾಟ, ನೃತ್ಯ ಸಂಯೋಜನೆ, ಹೇಳಿದ್ದೆಲ್ಲ ಮಾಡಿದರು. ದೇವ್ ಆನಂದ್ ಅವರ ಮೊದಲ ಸಿನಿಮಾ ‘ಹಮ್ ಏಕ್ ಹೈಂ’ (1946). ಅದರ ನೃತ್ಯ ನಿರ್ದೇಶಕ ಇದೇ ಗುರುದತ್. ಇಬ್ಬರ ಗೆಳೆತನ ಶುರುವಾದದ್ದು ದೋಬಿಯಿಂದ! ಒಬ್ಬರ ಅಂಗಿ ಇನ್ನೊಬ್ಬರಿಗೆ ಬಂದಿತ್ತು. ಸೆಟ್ಟಿನಲ್ಲಿ ತನ್ನ ಅಂಗಿ ಇನ್ನೊಬ್ಬನ ಮೈಮೇಲಿರುವುದನ್ನು ನೋಡಿ ಮಾತು ಶುರುವಾಯಿತು. ನಾನು ಸಿನಿಮಾ ತೆಗೆದರೆ ನೀನೇ ನಿರ್ದೇಶಕ, ನೀನು ನಿರ್ದೇಶಿಸಿದರೆ ನಾನೇ ಹೀರೊ ಅಂತ ಇಬ್ಬರೂ ಮಾತು ಕೊಟ್ಟುಕೊಂಡರು. ಸಿನಿಮಾದವರು ಇಂಥ ಮಾತನ್ನು ದಿನಕ್ಕೆ ಹತ್ತು ಕೊಡುತ್ತಾರೆ. ಇವರು ಉಳಿಸಿಕೊಂಡರು.

ಆದರೆ ನಡುವೆ ಕೆಟ್ಟ ದಿನಗಳಿದ್ದವು. ಪ್ರಭಾತ್ ಕರಾರು 1947ಕ್ಕೆ ಮುಗಿಯಿತು. ಆಮೇಲೆ ಸುಮಾರು ಹತ್ತು ತಿಂಗಳು ಕೆಲಸವೇ ಇಲ್ಲ. ಬಾಂಬೆಯ ಮಾಟುಂಗಾದಲ್ಲಿ ಮನೆಯವರ ಜೊತೆ ಇದ್ದುಕೊಂಡು ಇಂಗ್ಲಿಷಿನಲ್ಲಿ ಸಣ್ಣಕತೆ ಬರೆದರು. ‘ಪ್ಯಾಸಾ’ದ ಬೀಜ ಬಿದ್ದದ್ದು ಆ ವರ್ಷಗಳಲ್ಲೇ. ಕೆಲಸವಿಲ್ಲದ ಕಲಾವಿದನ ಬಗ್ಗೆ ಅವರು ಬರೆದಿಟ್ಟ ಆ ಕತೆಯ ಹೆಸರು ‘ಕಶ್ಮಕಶ್’. ಅಂದರೆ ನಿಮಗೆ ಇಷ್ಟವಾದ ಸಿನಿಮಾ ಸೋತು ಸುಣ್ಣವಾದ ಮುದುಕನದ್ದಲ್ಲ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿನ ಹುಡುಗನದ್ದು, ಹೆಚ್ಚು ಕಡಿಮೆ ನಿಮ್ಮ ವಯಸ್ಸು.

1951ರಲ್ಲಿ ದೇವ್ ಆನಂದ್ ಅವರ ನವಕೇತನ್ ಸಂಸ್ಥೆಗೆ ‘ಬಾಜಿ’ ಮಾಡಿದರು. ಬರೆದದ್ದು ಬಲರಾಜ್ ಸಾಹ್ನಿ. ಸಿನಿಮಾ ಗೆದ್ದಿತು. ಗೆಲುವಿಗಿಂತ ದೊಡ್ಡದು ಆ ಒಂದು ಸಿನಿಮಾದಿಂದ ಕಟ್ಟಿಕೊಂಡ ಬಳಗ. ಹಾಡಲು ಬಂದ ಗೀತಾ ರಾಯ್ 1953ರಲ್ಲಿ ಗೀತಾ ದತ್ ಆದರು. ಸಾಹ್ನಿ ಒಬ್ಬ ಬಸ್ ಕಂಡಕ್ಟರನ್ನು ಕಳಿಸಿದ್ದರು. ಆತ ಕುಡುಕನ ಹಾಗೆ ತೂರಾಡಿಕೊಂಡು ಬಂದು ಎಲ್ಲರನ್ನೂ ಬೇಸ್ತು ಬೀಳಿಸಿದ. ಅವನೇ ಜಾನಿ ವಾಕರ್. ಹನಿ ಮದ್ಯ ಮುಟ್ಟದ ಮನುಷ್ಯನಿಗೆ ವಿಸ್ಕಿಯ ಹೆಸರು! ಇನ್ನೊಬ್ಬರು ನಮ್ಮ ಮೈಸೂರಿನ ವಿ.ಕೆ. ಮೂರ್ತಿ.

ಮೂರ್ತಿ ಬಗ್ಗೆ ನಿಲ್ಲಲೇಬೇಕು. 1923ರಲ್ಲಿ ಹುಟ್ಟಿದವರು. ಪಿಟೀಲು ನುಡಿಸುತ್ತಿದ್ದರು. ಸ್ವಾತಂತ್ರ್ಯ ಚಳವಳಿಯಲ್ಲಿ ಜೈಲಿಗೂ ಹೋಗಿ ಬಂದಿದ್ದರು. ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಬಾಂಬೆಗೆ ಹೋದರು. ‘ಬಾಜಿ’ಗೆ ಅವರು ಬರೀ ಸಹಾಯಕ. ಒಂದು ಹಾಡಿನಲ್ಲಿ ದೇವ್ ಆನಂದ್ ಅವರನ್ನು ಕನ್ನಡಿಯಲ್ಲಿ ಹಿಡಿದು ಕ್ಯಾಮೆರಾ ತಿರುಗಿಸುವ ಶಾಟ್ ಹೀಗೆ ಮಾಡಬಹುದಲ್ಲ ಅಂತ ಸೂಚಿಸಿದರು. ಹಾಗಾದರೆ ನೀವೇ ತೆಗೆಯಿರಿ ಅಂದರು. ತೆಗೆದರು. ಮುಂದಿನ ಸಿನಿಮಾದಿಂದ ಗುರುದತ್ ಅವರ ಕ್ಯಾಮೆರಾ ಮೂರ್ತಿಯವರ ಕೈಗೆ ಬಂತು, ‘ಜಾಲ್’ನಿಂದ (1952) ‘ಕಾಗಜ್ ಕೆ ಫೂಲ್’ವರೆಗೆ. ಬಹಳ ವರ್ಷದ ಮೇಲೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಒಬ್ಬ ಛಾಯಾಗ್ರಾಹಕನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಕೊನೆಗಾಲದಲ್ಲಿ ಬೆಂಗಳೂರಿನಲ್ಲೇ ಇದ್ದರು. 2014ರಲ್ಲಿ ತೀರಿಕೊಂಡರು. ಕನ್ನಡದಲ್ಲಿ ‘ಹೂವು ಹಣ್ಣು’ (1993) ಅವರ ಕ್ಯಾಮೆರಾ.

ಸರಿ, ನಟನೆಗೆ ಬರೋಣ. ‘ಬಾಜ್’ (1953) ಅವರು ಹೀರೊ ಆದ ಮೊದಲ ಸಿನಿಮಾ. ಹಡಗು, ಕತ್ತಿ, ಪೋರ್ಚುಗೀಸರು, ಎಲ್ಲಾ ಇತ್ತು. ಓಡಲಿಲ್ಲ. ಓಡದಿದ್ದುದು ನ್ಯಾಯವೇ, ಸುಮ್ನೆ ಹೊಗಳುವುದು ಯಾಕೆ. ಆದರೆ ಮುಂದಿನ ವರ್ಷವೇ ‘ಆರ್ ಪಾರ್’ ಬಂತು. ಗುರುದತ್ ಟ್ಯಾಕ್ಸಿ ಡ್ರೈವರ್. ಸಂಭಾಷಣೆ ಅಬ್ರಾರ್ ಅಲ್ವಿ ಅವರದ್ದು. ಅಲ್ಲಿಯವರೆಗೆ ಹಿಂದಿ ಸಿನಿಮಾದಲ್ಲಿ ಸೇಠ್‌ಜಿಯಿಂದ ಹಿಡಿದು ಕಳ್ಳನವರೆಗೆ ಎಲ್ಲರೂ ಒಂದೇ ನಾಟಕದ ಭಾಷೆ ಆಡುತ್ತಿದ್ದರು. ಇಲ್ಲಿ ಒಬ್ಬೊಬ್ಬರು ಒಂದೊಂದು ಥರ ಮಾತಾಡುತ್ತಾರೆ. ಮುನಿಸಿಕೊಂಡ ಪ್ರೇಮಿಗಳ ಹಾಡು ಗ್ಯಾರೇಜಿನಲ್ಲಿ, ಕಾರಿನ ಸುತ್ತಮುತ್ತ ನಡೆಯುತ್ತದೆ. ತೋಟ ಇಲ್ಲ, ಚಂದ್ರ ಇಲ್ಲ. ಮಾತು ಎಲ್ಲಿ ನಿಂತಿತೋ ಅಲ್ಲಿಂದಲೇ ಹಾಡು ಎತ್ತಿಕೊಳ್ಳುತ್ತದೆ. ಹಾಡು ಬಂತು, ಎದ್ದು ಹೋಗಿ ಬೀಡಿ ಸೇದಿ ಬರೋಣ ಅನ್ನುತ್ತಿದ್ದ ಪ್ರೇಕ್ಷಕನನ್ನು ಕುರ್ಚಿಯಲ್ಲಿ ಕೂರಿಸಿದವರು ಇವರು. ನೃತ್ಯ ಕಲಿತ ಮನುಷ್ಯ ಅಂದೆನಲ್ಲ, ಅದು ಕೆಲಸಕ್ಕೆ ಬಂದದ್ದು ಇಲ್ಲಿ. ಕುಣಿಸುವುದರಲ್ಲಿ ಅಲ್ಲ. ಹಾಡಿನ ನಡುವೆ ಯಾರು ಯಾವಾಗ ತಿರುಗಬೇಕು, ಯಾವಾಗ ಸುಮ್ಮನೆ ನಿಲ್ಲಬೇಕು ಅನ್ನುವುದರಲ್ಲಿ.

‘ಮಿಸ್ಟರ್ ಅಂಡ್ ಮಿಸೆಸ್ 55’ನಲ್ಲಿ (1955) ಕೆಲಸವಿಲ್ಲದ ವ್ಯಂಗ್ಯಚಿತ್ರಕಾರನಾದರು. ತೆರೆಯ ಮೇಲೆ ಕಾಣುವ ಚಿತ್ರಗಳು ಮೈಸೂರಿನವರೇ ಆದ ಆರ್.ಕೆ. ಲಕ್ಷ್ಮಣ್ ಅವರವು. ಮೈಸೂರಿನ ಕ್ಯಾಮೆರಾ, ಮೈಸೂರಿನ ರೇಖೆ, ಮಂಗಳೂರು ಸೀಮೆಯ ಮನೆತನದ ಹೀರೊ! ಇಷ್ಟಿದ್ದೂ ಸಿನಿಮಾ ಅಪ್ಪಟ ಬಾಂಬೆ.

‘ಪ್ಯಾಸಾ’ದ ವಿಜಯ್ ಪಾತ್ರಕ್ಕೆ ದಿಲೀಪ್ ಕುಮಾರ್ ಬರಬೇಕಿತ್ತು. ಮೊದಲ ದಿನ ಕಾದರು, ಬರಲಿಲ್ಲ. ಕಾದು ಕಾದು ಗುರುದತ್ ತಾವೇ ಕ್ಯಾಮೆರಾ ಮುಂದೆ ನಿಂತರು. ‘ಸಾಹಿಬ್ ಬೀಬಿ ಔರ್ ಗುಲಾಮ್’ಗೂ ಮೊದಲು ಶಶಿ ಕಪೂರ್, ಆಮೇಲೆ ಬಿಸ್ವಜಿತ್ ಅಂತ ಮಾತಾಗಿ, ಕೊನೆಗೆ ಭೂತನಾಥನ ಪಾತ್ರ ಇವರ ತಲೆಗೇ ಬಂತು.

ದಿಲೀಪ್ ಕುಮಾರ್ ಮಾಡಿದ್ದರೆ ಹೇಗಿರುತ್ತಿತ್ತು? ಬಹಳ ಚೆನ್ನಾಗಿರುತ್ತಿತ್ತು. ಆದರೆ ಬೇರೆ ಸಿನಿಮಾ ಆಗಿರುತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಸಭಾಂಗಣದ ದೃಶ್ಯ ನೆನಪಿಸಿಕೊಳ್ಳಿ. ಸತ್ತ ಕವಿ ಅಂತ ತಿಳಿದು ಅವನ ಪುಣ್ಯತಿಥಿ ಮಾಡುತ್ತಿದ್ದಾರೆ. ಹಾರ, ಭಾಷಣ, ಎಲ್ಲಾ ಇದೆ. ಆ ಕವಿ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ಬೆಳಕು ಪೂರ್ತಿ ಹಿಂದಿನಿಂದ. ಮುಖ ಕಾಣುವುದಿಲ್ಲ. ಎರಡೂ ಕೈ ಬಾಗಿಲ ಚೌಕಟ್ಟಿಗೆ ಚಾಚಿವೆ, ಶಿಲುಬೆಗೆ ಏರಿಸಿದ ಹಾಗೆ. ದನಿ ಮೆಲ್ಲಗೆ ಶುರುವಾಗುತ್ತದೆ. ಕೂತವರು ಒಬ್ಬೊಬ್ಬರಾಗಿ ಹಿಂದೆ ತಿರುಗುತ್ತಾರೆ. ಇದು ಹಿಂದಿ ಸಿನಿಮಾದ ದೊಡ್ಡ ‘ಎಂಟ್ರಿ’ಗಳಲ್ಲಿ ಒಂದು, ಅದರಲ್ಲಿ ಹೀರೊನ ಮುಖವೇ ಇಲ್ಲ! ಯಾವ ಸ್ಟಾರ್ ಒಪ್ಪುತ್ತಾನೆ ಹೇಳಿ? ತನ್ನ ಮುಖವನ್ನು ಕತ್ತಲಲ್ಲಿ ಇಡಬಲ್ಲ ನಟ ಬೇಕಿತ್ತು. ಹಾಗೆ ಇಡುವುದು ಯಾವಾಗ ಅಂತ ಗೊತ್ತಿದ್ದ ನಟ ನಿರ್ದೇಶಕನೇ ಆಗಿರಬೇಕಿತ್ತು. ಅವರ ನಟನೆಯನ್ನು ಕಣ್ಣು, ಹುಬ್ಬು, ಸಂಭಾಷಣೆಯಲ್ಲಿ ಹುಡುಕಿದರೆ ನಿಮ್ಮ ಮಾವ ಹೇಳಿದ್ದೇ ಸರಿ ಅನ್ನಿಸುತ್ತದೆ. ಅವರು ನಿಲ್ಲುವ ರೀತಿ, ಬೆನ್ನು ತಿರುಗಿಸುವ ರೀತಿಯನ್ನು ನೋಡಿ.

ಮುಖ ತೋರಿಸಬೇಕಾದಾಗ ಹೇಗೆ ತೋರಿಸುತ್ತಿದ್ದರು ಅನ್ನುವುದೂ ಗಮನಿಸಬೇಕಾದ್ದೇ. ಕ್ಯಾಮೆರಾವನ್ನು ಮೂಗಿನ ಹತ್ತಿರ ತರುವ ಬದಲು ದೂರವಿಟ್ಟು, 75 ಎಂ.ಎಂ.ನಂಥ ಉದ್ದದ ಲೆನ್ಸ್ ಹಾಕಿಸುತ್ತಿದ್ದರು. ಆಗ ಹಿಂದಿನ ಗೋಡೆ, ಜನ, ಬೀದಿ ಎಲ್ಲ ಮಸುಕಾಗುತ್ತವೆ. ಮುಖ ಒಂದೇ ತೇಲಿ ಬಂದ ಹಾಗೆ ನಿಲ್ಲುತ್ತದೆ. ‘ಪ್ಯಾಸಾ’ದಲ್ಲಿ ವಹೀದಾ ರೆಹಮಾನ್ ಅವರ ಕ್ಲೋಸಪ್‌ಗಳನ್ನು ಇನ್ನೊಮ್ಮೆ ನೋಡಿ, ನಾನು ಹೇಳಿದ್ದು ಕಣ್ಣಿಗೇ ಬೀಳುತ್ತದೆ. ವಹೀದಾ ಅವರು ಸಿಕ್ಕಿದ್ದೂ ಒಂದು ಮಜಾ ಕತೆ. ಹೈದರಾಬಾದಿನ ಕಡೆ ಹೋದಾಗ ಗುರುದತ್ ಅವರ ಕಾರು ಎಮ್ಮೆಗೆ ಗುದ್ದಿತಂತೆ. ರಿಪೇರಿ ಆಗುವವರೆಗೆ ಅಲ್ಲೇ ಉಳಿದರು. ಆಗ ‘ರೋಜುಲು ಮಾರಾಯಿ’ (1955) ಅನ್ನುವ ತೆಲುಗು ಸಿನಿಮಾದಲ್ಲಿ ಕುಣಿದ ಹುಡುಗಿಯ ಸುದ್ದಿ ಕಿವಿಗೆ ಬಿತ್ತು ಅಂತ ಹೇಳುತ್ತಾರೆ.

ಇನ್ನು ‘ಕಾಗಜ್ ಕೆ ಫೂಲ್’ (1959). ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಸ್ಕೋಪ್ ಅಂದರೆ ಇಷ್ಟೆ: ಅಗಲವಾದ ದೃಶ್ಯವನ್ನು ವಿಶೇಷ ಲೆನ್ಸು ಅಡ್ಡಡ್ಡಕ್ಕೆ ಅರ್ಧದಷ್ಟು ಹಿಂಡಿ ಮಾಮೂಲಿ 35 ಎಂ.ಎಂ. ಫಿಲ್ಮಿನಲ್ಲಿ ಕೂರಿಸುತ್ತದೆ. ಥಿಯೇಟರಿನಲ್ಲಿ ಇನ್ನೊಂದು ಲೆನ್ಸು ಅದನ್ನು ಬಿಡಿಸಿ ಹರಡುತ್ತದೆ. ಎತ್ತರಕ್ಕಿಂತ ಅಗಲ ಎರಡೂಕಾಲು ಪಟ್ಟಿಗೂ ಜಾಸ್ತಿ. ಬೇರೆಯವರು ಇಷ್ಟು ಜಾಗ ಸಿಕ್ಕಿದ್ದರೆ ಕುದುರೆ, ಸೈನ್ಯ ತುಂಬುತ್ತಿದ್ದರು. ಗುರುದತ್ ಆ ಅಗಲಕ್ಕೆ ಖಾಲಿ ಸ್ಟುಡಿಯೊ ತುಂಬಿದರು.

‘ವಕ್ತ್ ನೇ ಕಿಯಾ’ ಹಾಡು ನೋಡಿರುತ್ತೀರಿ. ಆ ಕಡೆ ಗುರುದತ್, ಈ ಕಡೆ ವಹೀದಾ. ನಡುವೆ ಮೇಲಿನಿಂದ ಇಳಿದು ಬರುವ ಒಂದು ಬೆಳಕಿನ ಕಂಬ. ಕನ್ನಡದಲ್ಲಿ ಇದಕ್ಕೆ ಚೆಂದದ ಮಾತೇ ಇದೆ, ಬಿಸಿಲುಕೋಲು. ಹಂಚಿನ ಮನೆಯ ಬೆಳಕಿಂಡಿಯಿಂದ ಮಧ್ಯಾಹ್ನ ಇಳಿದು ಬಂದು ಜಗಲಿಯ ಮೇಲೆ ನಿಲ್ಲುತ್ತದಲ್ಲ, ಅದೇ. ಸ್ಟುಡಿಯೊ ದೀಪದಿಂದ ಇದನ್ನು ಮಾಡಲು ಆಗುವುದಿಲ್ಲ. ದೀಪ ಎಷ್ಟೇ ದೊಡ್ಡದಿರಲಿ, ಹತ್ತಿರದಿಂದ ಹೊರಟ ಬೆಳಕು ಹೋಗ್ತಾ ಹೋಗ್ತಾ ಹರಡುತ್ತದೆ. ಸೂರ್ಯ ದೂರದವನು, ಅವನ ಕಿರಣ ನೆಟ್ಟಗೆ ಬರುತ್ತದೆ. ಮೂರ್ತಿ ಎರಡು ದೊಡ್ಡ ಕನ್ನಡಿ ತರಿಸಿದರು. ಒಂದನ್ನು ಹೊರಗೆ ಬಿಸಿಲಿಗೆ ಹಿಡಿದರು. ಅದು ಬೆಳಕನ್ನು ಸ್ಟುಡಿಯೊ ಒಳಕ್ಕೆ ಎಸೆಯಿತು. ಒಳಗೆ ಎತ್ತರದಲ್ಲಿಟ್ಟ ಇನ್ನೊಂದು ಕನ್ನಡಿ ಅದನ್ನು ಹಿಡಿದು ಕೆಳಕ್ಕೆ ತಿರುಗಿಸಿತು. ಸ್ವಲ್ಪ ಹೊಗೆ, ಧೂಳು ಸೇರಿತು, ಕೋಲು ಎದ್ದು ನಿಂತಿತು. ಸೂರ್ಯ ಸರಿದ ಹಾಗೆಲ್ಲ ಕನ್ನಡಿಯನ್ನೂ ಸರಿಸಬೇಕು, ಮೋಡ ಬಂದರೆ ಕೈಕಟ್ಟಿ ಕೂರಬೇಕು. ಈ ಸಿನಿಮಾಕ್ಕೆ ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ದುಡ್ಡು ಬರಲಿಲ್ಲ. ಜನ ಬೈದರು. ಅದಾದ ಮೇಲೆ ಗುರುದತ್ ನಿರ್ದೇಶಕ ಅಂತ ತಮ್ಮ ಹೆಸರು ಹಾಕಿಕೊಳ್ಳಲೇ ಇಲ್ಲ. ಇಲ್ಲಿಯವರೆಗೆ ನೀವು ಓದಿದ ಕತೆ ಸರಿಯೇ. ಆದರೆ ‘ಸೋತರು, ಸತ್ತರು’ ಅನ್ನುವವರು ಮಧ್ಯದ ಐದು ವರ್ಷವನ್ನು ನುಂಗಿಬಿಡುತ್ತಾರೆ. ನನಗೆ ಸಿಟ್ಟು ಬರುವುದು ಅದಕ್ಕೆ. ಮರುವರ್ಷವೇ ‘ಚೌದವೀಂ ಕಾ ಚಾಂದ್’ ತೆಗೆದರು. ನಿರ್ದೇಶನಕ್ಕೆ ಎಂ. ಸಾದಿಕ್ ಅವರನ್ನು ಕರೆದರು, ತಾವು ನಿರ್ಮಾಪಕ ಮತ್ತು ಹೀರೊ. ಸಿನಿಮಾ ಸೂಪರ್ ಹಿಟ್. ಕಂಪನಿ ಎದ್ದು ನಿಂತಿತು. 1962ರಲ್ಲಿ ‘ಸಾಹಿಬ್ ಬೀಬಿ ಔರ್ ಗುಲಾಮ್’ ಬಂತು. ಬಿಮಲ್ ಮಿತ್ರ ಅವರ ಕಾದಂಬರಿ, ಮೀನಾ ಕುಮಾರಿ, ಮತ್ತೆ ಮೂರ್ತಿ. ಆಸ್ಕರ್‌ಗೆ ಭಾರತದಿಂದ ಹೋದದ್ದು ಅದೇ. ನಿರ್ದೇಶಕ ಅಬ್ರಾರ್ ಅಲ್ವಿ ಅಂತ ಹೆಸರಿದೆ, ಪ್ರಶಸ್ತಿಯೂ ಅವರಿಗೇ. ನಿಜವಾಗಿ ಮಾಡಿದ್ದು ಗುರುದತ್ ಅನ್ನುವ ಜಗಳ ಇನ್ನೂ ನಡೆಯುತ್ತಿದೆ. ಹಾಡುಗಳನ್ನು ಗುರುದತ್ ತೆಗೆದರು ಅಂತ ಅಲ್ವಿ ಅವರೇ ಹೇಳಿದ್ದಾರೆ. ಉಳಿದದ್ದಕ್ಕೆ ಅಲ್ವಿ ಅವರ ಹಕ್ಕು ಕಿತ್ತುಕೊಳ್ಳುವುದು ಸರಿಯಲ್ಲ.

ಆಮೇಲೆ ಮದ್ರಾಸಿನವರು ತೆಗೆದ ಹಿಂದಿ ಸಂಸಾರದ ಸಿನಿಮಾಗಳಲ್ಲೂ ಹೀರೊ ಆದರು: ‘ಭರೋಸಾ’, ‘ಬಹುರಾಣಿ’, ‘ಸುಹಾಗನ್’. ಸಂಬಳಕ್ಕೆ ಮಾಡಿದ ಕೆಲಸ. ಕಳಪೆಯೇನಲ್ಲ, ಆದರೆ ಅವುಗಳಲ್ಲಿ ಅವರ ಮುಖದ ಮೇಲೆ ಬೆಳಕು ಚೆನ್ನಾಗಿ ಬೀಳುತ್ತದೆ ಅಷ್ಟೆ. ಶುರುಮಾಡಿ ಅರ್ಧಕ್ಕೆ ಬಿಟ್ಟವೂ ಇವೆ. ಗೀತಾ ದತ್ ಅವರನ್ನು ನಾಯಕಿ ಮಾಡಿ ‘ಗೌರಿ’ ಅಂತ ಬಂಗಾಳಿ ಸಿನಿಮಾ ಶುರು ಮಾಡಿದ್ದರು, ನಿಲ್ಲಿಸಿದರು. ‘ರಾಜ್’ ಕೂಡ ಹಾಗೇ ನಿಂತಿತು. ಚಿತ್ರ ತೆಗೆಯುತ್ತಾ ತೆಗೆಯುತ್ತಾ ಮನಸ್ಸಿಗೆ ಬರಲಿಲ್ಲ ಅಂದರೆ ಡಬ್ಬ ಮುಚ್ಚುವ ಸ್ವಭಾವ ಸೋಲಿಗಿಂತ ಮೊದಲೂ ಇತ್ತು.

ಸಾವಿನ ಬಗ್ಗೆ ಎರಡೇ ಮಾತು. 1964ರ ಅಕ್ಟೋಬರ್ 10, ಬಾಂಬೆಯ ಪೆಡ್ಡರ್ ರಸ್ತೆಯ ಫ್ಲ್ಯಾಟು, ವಯಸ್ಸು 39. ಮದ್ಯ ಮತ್ತು ನಿದ್ದೆ ಮಾತ್ರೆ ಎರಡೂ ಸೇರಿದ್ದವು. ಬೇಕೆಂದೇ ಆದದ್ದೋ, ಕೈತಪ್ಪಿ ಆದದ್ದೋ ಅನ್ನುವುದು ಇವತ್ತಿಗೂ ತೀರ್ಮಾನವಾಗಿಲ್ಲ. ಆದರೆ ಜೀವ ಕಳೆದುಕೊಳ್ಳುವ ಪ್ರಯತ್ನ ಅದಕ್ಕೂ ಮೊದಲೇ ನಡೆದಿತ್ತು, ಒಂದು ಸಲ ‘ಪ್ಯಾಸಾ’ ತಯಾರಾಗುತ್ತಿದ್ದ ಕಾಲದಲ್ಲೇ, ಅಂತ ಹತ್ತಿರದವರು ಹೇಳಿದ್ದಾರೆ. ಅಂದರೆ ಆ ಕಾಯಿಲೆ ‘ಕಾಗಜ್ ಕೆ ಫೂಲ್’ ಸೋಲಿನಿಂದ ಹುಟ್ಟಿದ್ದಲ್ಲ. ಗೆಲ್ಲುತ್ತಿದ್ದಾಗಲೂ ಜೊತೆಗಿತ್ತು. ಮನೆಯೊಳಗಿನ ಗಾಸಿಪ್ಪನ್ನು ನಾನು ಬರೆಯುವುದಿಲ್ಲ, ಅದು ನಿಮಗೆ ಬೇಕಾದಷ್ಟು ಸಿಗುತ್ತದೆ. ಕೈಯಲ್ಲಿದ್ದ ಕೆಲಸ ಬೇರೆಯವರ ಪಾಲಾಯಿತು. ‘ಬಹಾರೇಂ ಫಿರ್ ಭಿ ಆಯೇಂಗಿ’ಯನ್ನು ಧರ್ಮೇಂದ್ರ ಮಾಡಿದರು. ಕೆ. ಆಸಿಫ್ ಅವರ ‘ಲವ್ ಅಂಡ್ ಗಾಡ್’ನ ಮಜ್ನೂ ಪಾತ್ರ ಸಂಜೀವ್ ಕುಮಾರ್ ಅವರಿಗೆ ಹೋಗಿ, ಸಿನಿಮಾ ತೆರೆಗೆ ಬಂದದ್ದು 1986ರಲ್ಲಿ.

ಮುಂದೆ ಯಾವುದು ನೋಡಲಿ ಅಂದಿರಿ. ಎಲ್ಲರೂ ‘ಕಾಗಜ್ ಕೆ ಫೂಲ್’ ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ, ಈಗಲೇ ಬೇಡ. ಮೊದಲು ‘ಆರ್ ಪಾರ್’ ನೋಡಿ. ಆಮೇಲೆ ‘ಮಿಸ್ಟರ್ ಅಂಡ್ ಮಿಸೆಸ್ 55’. ಮಾವನವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಈ ಮನುಷ್ಯ ಎಷ್ಟು ತಮಾಷೆಯವನು ಅಂತ ಅವರಿಗೂ ಮರೆತುಹೋಗಿರಬಹುದು. ನಿರ್ದೇಶಿಸಿದ್ದು ಒಟ್ಟು ಎಂಟೇ ಸಿನಿಮಾ, 1951ರಿಂದ 1959ರೊಳಗೆ. ಅವಸರವೇನಿಲ್ಲ. ‘ಸಾಹಿಬ್ ಬೀಬಿ’ ಮೂರನೆಯದಾಗಿರಲಿ.

‘ಕಾಗಜ್ ಕೆ ಫೂಲ್’ಗೆ ಮಾತ್ರ ಒಂದು ಷರತ್ತು. ಫೋನಿನಲ್ಲಿ ನೋಡಬೇಡಿ. ನಾನು ಅದನ್ನು ಮೊದಲು ನೋಡಿದ್ದು ಹಳೆ ಡಬ್ಬಾ ಟಿ.ವಿ.ಯಲ್ಲಿ. ತೆರೆಯ ಎರಡೂ ಪಕ್ಕ ಕತ್ತರಿಸಿ ಹಾಕಿದ್ದರು. ಆ ಹಾಡಿನಲ್ಲಿ ಕಂಬ ಕಾಣಿಸುತ್ತಿತ್ತು, ಆ ಕಡೆಯ ಗುರುದತ್ತೂ ಇಲ್ಲ, ಈ ಕಡೆಯ ವಹೀದಾನೂ ಇಲ್ಲ. ಖಾಲಿ ಸ್ಟುಡಿಯೊದಲ್ಲಿ ಗೀತಾ ದತ್ ದನಿ ಮಾತ್ರ. ಎಷ್ಟೋ ವರ್ಷ ಆ ಹಾಡು ಹಾಗೇ ಇದೆ ಅಂದುಕೊಂಡಿದ್ದೆ. 2025ಕ್ಕೆ ಅವರು ಹುಟ್ಟಿ ನೂರು ವರ್ಷವಾಯಿತು, ಹಳೆ ಸಿನಿಮಾಗಳನ್ನು ದೊಡ್ಡ ಪರದೆಗೆ ತರುವವರೂ ಈಗ ಇದ್ದಾರೆ. ಶಿವಮೊಗ್ಗಕ್ಕೆ ಬರದಿದ್ದರೆ ಬೆಂಗಳೂರಿಗೆ ಬಂದು ನೋಡಿ, ಬಸ್ ಚಾರ್ಜಿಗೆ ಮೋಸವಿಲ್ಲ. ಅಗಲವಾದ ಪ್ರತಿಯೇ ಬೇಕು, ಹಾಲಿನ ನಡುವಿನ ಸಾಲಿನಲ್ಲಿ ಕೂತುಕೊಳ್ಳಿ. ಬಿಸಿಲುಕೋಲು ನೆಲ ಮುಟ್ಟುವ ಜಾಗ ಇರುತ್ತದಲ್ಲ, ಅಲ್ಲಿ ಧೂಳಿನ ಕಣ ಮೇಲಕ್ಕೇಳುವುದು ಕಾಣಿಸುತ್ತದೆ.